ಎರಡನೇ ಕಿಕ್ಕಿನ ಷರತ್ತು

ನನ್ನ ಮಂಡಿಯ ಆಪರೇಷನ್ ಆದ ಮೇಲೆ ಮನೆಗೆ ಬಂದವರೆಲ್ಲ ಮಂಡಿಯ ಬಗ್ಗೆ ಎರಡು ಮಾತು, ಗಾಡಿಯ ಬಗ್ಗೆ ಇಪ್ಪತ್ತು ಮಾತು ಆಡಿದರು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ತೀರ್ಪು ಸಿದ್ಧವಾಗಿರುತ್ತಿತ್ತು. "ಮಾರ್ಬಿಡಿ" ಎನ್ನುವವರು ಕೆಲವರು. "ಮಾರೋದು ಬೇಡ, ಪಾಯಿಂಟ್ ಕಿತ್ತಾಕಿ ಎಲೆಕ್ಟ್ರಾನಿಕ್ ಹಾಕಿಸ್ಬಿಡಿ" ಎನ್ನುವವರು ಕೆಲವರು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕ, ಹೆಸರೂ ಗೊತ್ತಿಲ್ಲದ ಒಬ್ಬರು "ಈ ವಯಸ್ಸಲ್ಲಿ ಯಾಕ್ ಮೇಡಂ ಬುಲೆಟ್ಟು?" ಎಂದರು. ಅವರ ವಯಸ್ಸು ನನ್ನದಕ್ಕಿಂತ ಹೆಚ್ಚು, ಅವರ ಕೈಯಲ್ಲೂ ಹೆಲ್ಮೆಟ್ ಇತ್ತು. "ನಿಮ್ಗ್ಯಾಕ್ ಸಾರ್ ಈ ವಯಸ್ಸಲ್ಲಿ?" ಎಂದು ಕೇಳಿದೆ. ಅವತ್ತಿನಿಂದ ಅವರು ನಾನಿರುವ ಲಿಫ್ಟ್ ಹತ್ತುವುದಿಲ್ಲ.

ನನಗೆ ಐವತ್ತಮೂರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪಂಪಿನ ಶಾಫ್ಟುಗಳನ್ನು ಅಳೆಯುವ ಇನ್‌ಸ್ಪೆಕ್ಟರ್ ಕೆಲಸ. ಲೇತಿನಿಂದ ಇಳಿದ ಮಾಲು ನನ್ನ ಟೇಬಲ್ಲಿಗೆ ಬರಬೇಕು, ನಾನು ಮೈಕ್ರೋಮೀಟರ್ ಇಟ್ಟು ಸರಿ ಎಂದರೆ ಮುಂದೆ, ಇಲ್ಲವೆಂದರೆ ಕೆಂಪು ಬಣ್ಣದ ಡಬ್ಬಕ್ಕೆ. ಇಷ್ಟು ವರ್ಷ ಗಂಡಸರ ಕೆಲಸವನ್ನು ಕೆಂಪು ಡಬ್ಬಕ್ಕೆ ಹಾಕಿ ಹಾಕಿ ನನ್ನ ನಾಲಿಗೆ ಸ್ವಲ್ಪ ಖಾರವಾಗಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಗಾಡಿ ಹಳೇ ಬುಲೆಟ್ಟು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಕಿಕ್ಕರ್ ಬಲಗಡೆ, ಸೆಲ್ಫ್ ಸ್ಟಾರ್ಟ್ ಇಲ್ಲ. ಕೊಂಡದ್ದು ಮೂವತ್ತನೇ ವಯಸ್ಸಿನಲ್ಲಿ, ಮಾಕಳಿಯ ಮೆಕ್ಯಾನಿಕ್ ಒಬ್ಬರಿಂದ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ದೊಡ್ಡ ಗೋಡೌನ್ ನಿಂತಿದೆ. ಅದರ ಕಾಂಪೌಂಡಿಗೆ ತಗಡಿನ ಶೀಟು ಆನಿಸಿಕೊಂಡು ಅವರು ಗ್ಯಾರೇಜು ನಡೆಸುತ್ತಾರೆ. ಅವರದೊಂದು ನಿಯಮವಿತ್ತು. ತಾವು ಕಟ್ಟಿದ ಬುಲೆಟ್ಟನ್ನು ಯಾರೇ ಕೊಳ್ಳಲಿ, ಕೊಳ್ಳುವವರೇ ನಿಂತು ಸ್ಟಾರ್ಟ್ ಮಾಡಿ ತೋರಿಸುವ ತನಕ ಕೀ ಕೊಡುತ್ತಿರಲಿಲ್ಲ. ನಾನು ನೋಡಿದ್ದ ಬೇರೆ ಗ್ಯಾರೇಜುಗಳಲ್ಲಿ "ನಿಮ್ ಯಜಮಾನ್ರನ್ನ ಕರ್ಕೊಂಡ್ ಬನ್ನಿ ಮೇಡಂ" ಎಂದಿದ್ದರು. ಇವರು ಹಾಗೆನ್ನಲಿಲ್ಲ. ಎಲ್ಲರಿಗೂ ಹಾಕುವ ಪರೀಕ್ಷೆಯನ್ನೇ ನನಗೂ ಹಾಕಿದರು. ಮೂರು ಭಾನುವಾರ ಫೇಲಾದೆ. ಪಕ್ಕದ ಟೀ ಅಂಗಡಿಯವರಿಗೆ ಒಳ್ಳೆಯ ಮನರಂಜನೆ.

ನಾಲ್ಕನೇ ಭಾನುವಾರ ಅವರು ಹೆಡ್‌ಲೈಟಿನ ಮೇಲಿರುವ ಕರೆಂಟು ತೋರಿಸುವ ಪುಟ್ಟ ಆಂಪ್ ಮೀಟರಿನ ಗಾಜನ್ನು ಬೆರಳಿನಿಂದ ಕುಟ್ಟಿದರು.

"ನೀ ಕಾಲಲ್ ಉಡುಕ್ತಾ ಇದ್ದೀಯ ತಾಯಿ. ಕಣ್ಣಲ್ ನೋಡು. ಮುಳ್ಳು ಎಡಕ್ ಬಿದ್ದೈತಾ? ಪಾಯಿಂಟು ಮುಚ್ಕೊಂಡೈತೆ ಅಂತ ಅರ್ಥ. ಕಿಕ್ಕರ್ ಮೆತ್ತಗೆ ಒತ್ತು. ಇನ್ನೂ ಒತ್ತು. ಮುಳ್ಳು ನಡೀಕ್ ಬಂತಾ? ಈಗ ತೆರ್ಕಂತು. ಆ ಲಿವರ್ ಇಡ್ಕಂಡು ಚೂರು ದಾಟ್ಸಿ ಬುಡು. ಈಗ ಒಂದೇ ಒಂದು. ಪೂರ್ತಿ."

ಇಂಜಿನ್ನಿನ ಪಕ್ಕದ ಪುಟ್ಟ ಮುಚ್ಚಳದೊಳಗೆ ಎರಡು ಲೋಹದ ಬೊಟ್ಟುಗಳು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಇಂಜಿನ್ ತಿರುಗುವಾಗ ಅವು ಕೂದಲೆಳೆಯಷ್ಟು ದೂರವಾಗುತ್ತವೆ, ದೂರವಾದ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಎಂದರೆ ಇಷ್ಟೇ. ಅವು ಮುಚ್ಚಿದಾಗ ಕರೆಂಟು ಹರಿಯುತ್ತದೆ, ಮುಳ್ಳು ಎಡಕ್ಕೆ ಬೀಳುತ್ತದೆ. ತೆರೆದಾಗ ಕರೆಂಟು ನಿಲ್ಲುತ್ತದೆ, ಮುಳ್ಳು ನಡುವಿಗೆ ಬರುತ್ತದೆ. ಇಂಜಿನ್ನಿನ ಒಳಗೆ ಪಿಸ್ಟನ್ ಎಲ್ಲಿದೆ ಎಂಬುದನ್ನು ಹೊರಗೆ ನಿಂತವಳಿಗೆ ತೋರಿಸುವ ಕಿಟಕಿ ಅದೊಂದೇ. ಹ್ಯಾಂಡಲಿನ ಲಿವರ್ ಹಿಡಿದರೆ ಒಳಗಿನ ಒತ್ತಡ ಹೊರಗೆ ಹೋಗಿ, ಪಿಸ್ಟನ್ ಸಲೀಸಾಗಿ ಆ ಜಾಗ ದಾಟುತ್ತದೆ. ಅವತ್ತು ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಟೀ ಅಂಗಡಿಯವರ ಮನರಂಜನೆ ಮುಗಿಯಿತು. ಮೆಕ್ಯಾನಿಕ್ ಅಣ್ಣ ಕೈ ಒರೆಸಿಕೊಂಡು ಕೀ ಕೊಟ್ಟರು.

ಇಪ್ಪತ್ತೆರಡು ವರ್ಷ ಅದೇ ಗಾಡಿಯಲ್ಲಿ ತುಮಕೂರು ರಸ್ತೆ ಹಿಡಿದು ಪೀಣ್ಯಕ್ಕೆ ಹೋಗಿ ಬಂದೆ. ಫ್ಲೈಓವರ್ ಬಂತು, ಮೆಟ್ರೋ ಬಂತು, ಫ್ಲೈಓವರ್ ಮುಚ್ಚಿ ಮತ್ತೆ ತೆರೆಯಿತು. ಪಾಯಿಂಟನ್ನು ನಾನೇ ಉಜ್ಜಿ, ನಾನೇ ಹೊಂದಿಸಿಕೊಳ್ಳುತ್ತಿದ್ದೆ. ಆಮೇಲೊಂದು ದಿನ ಕಾರ್ಖಾನೆಯ ನೆಲದ ಮೇಲೆ ಯಾರೋ ಚೆಲ್ಲಿದ್ದ, ಲೇತ್ ತಣಿಸುವ ಕೂಲೆಂಟ್ ಮೇಲೆ ಜಾರಿ ಬಿದ್ದೆ. ಬಲಮಂಡಿಯ ಒಳಗಿನ ನಾರು ಹರಿಯಿತು. ಆಪರೇಷನ್ನು, ಕೋಲು, ವ್ಯಾಯಾಮ, ಗೋಡೆ ಹಿಡಿದು ಕೂರುವುದು ಏಳುವುದು. ಗಾಡಿ ಮುಟ್ಟದೆ ಒಂಬತ್ತು ತಿಂಗಳು ಕಳೆದೆ. ಕೊನೆಗೆ ಡಾಕ್ಟರು ಒಪ್ಪಿದರು, ಆದರೆ ಬಾಲ ಸೇರಿಸಿದರು: "ಓಡಿಸಿ. ಒಂದು ಕಿಕ್ ಪರವಾಗಿಲ್ಲ. ಮತ್ತೆ ಮತ್ತೆ ಹೊಡೆಯಬೇಡಿ. ಕಿಕ್ಕರ್ ವಾಪಸ್ ಹೊಡೆಯುವುದಂತೂ ಆಗಲೇಬಾರದು."

ಗಾಡಿಯ ಬಲಕ್ಕೆ ನಿಂತು ಎಡಗಾಲಲ್ಲಿ ಹೊಡೆಯಬಹುದಲ್ಲ ಎಂದು ಓದುವವರಿಗೆ ಅನಿಸಬಹುದು. ನನಗೂ ಅನಿಸಿತ್ತು, ನೋಡಿದೆ. ಆಗ ಮೈಭಾರವೆಲ್ಲ ಬಲಮಂಡಿಯ ಮೇಲೆ ಬೀಳುತ್ತದೆ. ಅದು ಇನ್ನೂ ಕೆಟ್ಟದ್ದು.

ನನ್ನವರು ಕಾಲೇಜಿನಲ್ಲಿ ಗಣಿತ ಕಲಿಸುವವರು. ನಮ್ಮಿಬ್ಬರದೂ ದಾವಣಗೆರೆ ಕಡೆ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ದಿನದ ಲೆಕ್ಕಾಚಾರ ಶುರು ಮಾಡುವ ಮನುಷ್ಯ. ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ದಿನ ಕೂತಿದ್ದರು. ನಾನು ನೋವಿಗೆ ಕಿರುಚಿದಾಗ ಅವರ ಮುಖ ಬಿಳಿಚಿಕೊಂಡಿದ್ದನ್ನು ಕಂಡಿದ್ದೇನೆ. ಹಾಗಾಗಿ ಡಾಕ್ಟರು ಅನುಮತಿ ಕೊಟ್ಟ ಮಾರನೇ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ಅವರು ಹೇಳಿದ ಮಾತು ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ ಎಂದು ನನಗೆ ಗೊತ್ತು. ಆದರೂ ಸಿಟ್ಟು ಬಂತು.

"ಓಡ್ಸು, ಬೇಡ ಅನ್ನಲ್ಲ. ಆದ್ರೆ ಒಂದೇ ಕಿಕ್. ಎರಡನೇ ಕಿಕ್ ಹೊಡೆದ ದಿನ ಗಾಡಿ ಮಾರ್ತೀವಿ. ಒಪ್ತೀಯಾ?"

"ಒಪ್ಪಿದೆ ರೀ," ಎಂದೆ.

ಸಿಟ್ಟು ಬಂದಾಗ ಜಗಳವಾಡುವ ಬದಲು ಒಪ್ಪಿಕೊಂಡುಬಿಡುವುದು ನನ್ನ ಕೆಟ್ಟ ಚಾಳಿ. ಒಪ್ಪಿ, ಮಾಡಿ ತೋರಿಸಿ, ಎದುರಿನವರ ಬಾಯಿ ಮುಚ್ಚಿಸುತ್ತೇನೆ ಎನ್ನುವ ಜಂಬ. ಆ ಜಂಬದಲ್ಲಿ ನಾನು ನನ್ನ ಗಾಡಿಯ ಮೇಲಿನ ಹಕ್ಕನ್ನು ಬೇರೆಯವರ ಕೈಗೆ ಕೊಟ್ಟುಬಿಟ್ಟೆ ಎಂದು ತಿಳಿಯುವುದಕ್ಕೆ ಬಹಳ ದಿನ ಹಿಡಿಯಿತು.

ಒಂದೇ ಕಿಕ್ಕಿಗೆ ಏಳಬೇಕಾದರೆ ಕಿಡಿ ಸರಿಯಾದ ಕ್ಷಣಕ್ಕೆ ಹಾರಬೇಕು. ಅದಕ್ಕೆ ಪಾಯಿಂಟಿನ ಸಂದು ಹದಿನೈದು ಥೌ ಇರಬೇಕು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಪೀಣ್ಯದಲ್ಲಿ ನಾವು ಉಪ್ಪು ಖಾರದ ಹಾಗೆ ಅದರ ಮಾತಾಡುತ್ತೇವೆ. ಸಂದು ಅಳೆಯಲು ತೆಳ್ಳನೆಯ ಉಕ್ಕಿನ ಎಲೆಗಳ ಫೀಲರ್ ಗೇಜ್ ಇರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದರು. ನಾನು ಹೋಗಲಿಲ್ಲ. ಹೊಟ್ಟೆಪಾಡಿಗೇ ಅಳೆಯುವವಳು, ನನ್ನ ಗಾಡಿ ನಾನು ಅಳೆಯಲಾರೆನೇ? ಒಂಬತ್ತು ತಿಂಗಳು ನಿಂತ ಗಾಡಿಯ ಮುಚ್ಚಳ ತೆಗೆದು, ಬಟ್ಟೆಯಲ್ಲಿ ಒರೆಸಿ, ಹದಿನೈದರ ಎಲೆ ತೂರಿಸಿ, ಅದು ಹಿತವಾಗಿ ಉಜ್ಜಿಕೊಂಡು ಹೋಗುವಂತೆ ಸ್ಕ್ರೂ ಬಿಗಿದೆ. ಇನ್‌ಸ್ಪೆಕ್ಷನ್ ಪಾಸ್. ಮನಸ್ಸಿನಲ್ಲೇ ಹಸಿರು ಸ್ಟಿಕರ್ ಅಂಟಿಸಿದೆ.

ಮಾರನೇ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಒಬ್ಬಳೇ ಇದ್ದೆ. ಮುಳ್ಳು ನಡುವಿಗೆ ತಂದೆ, ಲಿವರ್ ಹಿಡಿದು ದಾಟಿಸಿದೆ, ಹೊಡೆದೆ. ಕಿಕ್ಕರ್ ಅರ್ಧಕ್ಕೆ ಹೋಗಿ ವಾಪಸ್ ಒದೆಯಿತು. ಕಿಡಿ ಬೇಗ ಹಾರಿದರೆ ಪಿಸ್ಟನ್ ಮೇಲಕ್ಕೆ ಬರುವ ಮುನ್ನವೇ ಸ್ಫೋಟವಾಗಿ ಇಂಜಿನ್ ಹಿಂದಕ್ಕೆ ತಿರುಗುತ್ತದೆ. ಆ ಪೆಟ್ಟು ನೇರ ಮಂಡಿಗೆ. ಕಣ್ಣಿಗೆ ಕತ್ತಲೆ ಕವಿದು ಟ್ಯಾಂಕನ್ನು ತಬ್ಬಿ ನಿಂತೆ. ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆಮೇಲೆ ಕುಂಟುತ್ತಾ ಮೇಲೆ ಹೋದೆ.

ನನ್ನವರು ನನ್ನ ನಡಿಗೆ ನೋಡಿದರು. "ಎಷ್ಟು ಕಿಕ್ ಹೊಡೆದೆ?"

"ಒಂದೇ."

"ಸ್ಟಾರ್ಟ್ ಆಯ್ತಾ?"

"ಆಗ್ಲಿಲ್ಲ. ಎರಡನೇದು ಹೊಡೀಲಿಲ್ಲ. ಷರತ್ತು ಮುರೀಲಿಲ್ಲ."

ಅವರು ಐಸ್ ತಂದು ಮಂಡಿಗೆ ಕಟ್ಟಿದರು. "ನಿನ್ ತಮ್ಮನ್ ಕರೀತೀನಿ. ಆ ಎಲೆಕ್ಟ್ರಾನಿಕ್ ಹಾಕ್ಸು. ಅದಕ್ಕೂ ಆಗ್ಲಿಲ್ಲ ಅಂದ್ರೆ ಮಾರೋದೇ," ಎಂದರು.

ನನ್ನ ತಮ್ಮ ಬ್ರೂಕ್‌ಫೀಲ್ಡಿನವನು. ಕಂಪ್ಯೂಟರ್ ಕೆಲಸ, ಮನೆ ತುಂಬ ಸ್ಪ್ಯಾನರ್ ಸೆಟ್ಟು, ಹಳೇ ಗಾಡಿಗಳ ಪ್ರಿಯರ ಒಂದು ವಾಟ್ಸಾಪ್ ಗುಂಪು. ಆ ಗುಂಪಿನಲ್ಲಿ ಪಾಯಿಂಟ್ ಪಕ್ಷದವರಿಗೂ ಎಲೆಕ್ಟ್ರಾನಿಕ್ ಪಕ್ಷದವರಿಗೂ ದಿನಾ ಕಿತ್ತಾಟ. ಪಾಯಿಂಟ್ ಪಕ್ಷದವರು ಹಳೆಯದೆಲ್ಲ ಪವಿತ್ರ ಎನ್ನುತ್ತಾರೆ, ಎಲೆಕ್ಟ್ರಾನಿಕ್ ಪಕ್ಷದವರು ಹಳೆಯದೆಲ್ಲ ಮೂಢನಂಬಿಕೆ ಎನ್ನುತ್ತಾರೆ. ತಮ್ಮ ಎರಡನೇ ಪಕ್ಷ. ಭಾನುವಾರ ಊರಿನ ಆ ತುದಿಯಿಂದ ಈ ತುದಿಗೆ ಪಾಯಿಂಟಿನ ಬದಲು ಕಿಡಿ ಹಾರಿಸುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಡಬ್ಬ ಹಿಡಿದುಕೊಂಡು ಬಂದ. ಅದು ಅಕ್ಕನಿಗೆ ಉಡುಗೊರೆ. ಪ್ರೀತಿಯಿಂದಲೇ ತಂದಿದ್ದ.

ಪಾಯಿಂಟ್ ಬಿಚ್ಚಿದ, ಆ ಜಾಗಕ್ಕೆ ಸೆನ್ಸರ್ ಕೂರಿಸಿದ, ವೈರು ಎಳೆದ. ಒಂದು ಗಂಟೆಯೂ ಹಿಡಿಯಲಿಲ್ಲ. ಅವನ ಎರಡು ಕಿಕ್ಕಿಗೆ ಗಾಡಿ ಎದ್ದಿತು. ಸದ್ದು ಸಮವಾಗಿತ್ತು, ಒಂದು ತೊದಲಿಲ್ಲ. ಸುಳ್ಳು ಹೇಳಲಾರೆ, ಚೆನ್ನಾಗಿಯೇ ಓಡುತ್ತಿತ್ತು.

"ನೋಡಕ್ಕ, ಸಕ್ಕತ್ತಾಗಿಲ್ವಾ? ಇನ್ನು ಉಜ್ಜೋದಿಲ್ಲ, ಅಳಿಯೋದಿಲ್ಲ. ಈಗ ನೀನ್ ಹೊಡಿ," ಎಂದು ಆಫ್ ಮಾಡಿದ.

ನಾನು ಕೀ ತಿರುಗಿಸಿ ಮೀಟರ್ ನೋಡಿದೆ. ಕಿಕ್ಕರ್ ಒತ್ತಿದೆ. ಮುಳ್ಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದೆ. ಎಲ್ಲಿತ್ತೋ ಅಲ್ಲೇ. ಬೊಟ್ಟುಗಳು ಮುಚ್ಚಿ ತೆರೆದು ಮಾಡಿದರಲ್ಲವೇ ಮುಳ್ಳು ಆಡುವುದು? ಈ ಡಬ್ಬದಲ್ಲಿ ಇಂಜಿನ್ ತಿರುಗದೆ ಕರೆಂಟೇ ಹರಿಯುವುದಿಲ್ಲವಂತೆ. ಬ್ಯಾಟರಿಗೆ ಒಳ್ಳೆಯದಂತೆ.

"ಮುಳ್ಳು ಆಡ್ತಿಲ್ವಲ್ಲೋ. ಪಿಸ್ಟನ್ ಎಲ್ಲಿದೆ ಅಂತ ಹೆಂಗ್ ತಿಳ್ಕೊಳ್ಳೋದು?"

"ಕಾಲಲ್ ಗೊತ್ತಾಗುತ್ತಲ್ಲಕ್ಕ. ಕಿಕ್ಕರ್ ಗಟ್ಟಿಯಾಗೋ ಕಡೆ ನಿಲ್ಲಿಸೋದು. ಎಲ್ರೂ ಹಂಗೇ ತಾನೆ ಮಾಡೋದು?"

ಒತ್ತಿದೆ. ಗಟ್ಟಿಯಾಯಿತೇ? ಆಯಿತು ಅನಿಸಿತು, ಇಲ್ಲವೆಂದೂ ಅನಿಸಿತು. ಮತ್ತೆ ಒತ್ತಿದೆ. ಅಲ್ಲಿ ನಿಂತು, ತಮ್ಮನೂ ಗಂಡನೂ ನೋಡುತ್ತಿರುವಾಗ, ನನಗೆ ಮೊದಲ ಸಲ ಗೊತ್ತಾಯಿತು: ನನ್ನ ಬಲಗಾಲಿಗಿದ್ದ ಆ ತಿಳುವಳಿಕೆ ಹೋಗಿದೆ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಮುಗಿಯಿತೋ ಇಲ್ಲವೋ ಎಂದು ಅನುಮಾನ ಬರುತ್ತದಲ್ಲ, ಹಾಗೆ. ಹರಿದು ಮತ್ತೆ ಕಟ್ಟಿದ ಮಂಡಿ ಭಾರ ಹೊರುತ್ತದೆ, ಆದರೆ ಏನನ್ನು ಮುಟ್ಟುತ್ತಿದ್ದೇನೆ ಎಂದು ಸರಿಯಾಗಿ ಹೇಳುವುದಿಲ್ಲ. ವ್ಯಾಯಾಮ ಮಾಡಿಸುವವರು ಎಚ್ಚರಿಸಿದ್ದರು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಐದಾರು ಸಲ ಒತ್ತಿ ಒತ್ತಿ ನೋಡಿದೆ, ಹೊಡೆಯಲಿಲ್ಲ.

"ಸುಮ್ನೆ ಹೊಡಿ ಅಕ್ಕ!"

"ಹೊಡೆಯಲ್ಲ. ಬಿಚ್ಚು ಇದನ್ನ. ಪಾಯಿಂಟ್ ವಾಪಸ್ ಹಾಕು."

ತಮ್ಮನ ಮುಖ ಕೆಂಪಾಯಿತು. "ನಿಂಗೆ ಹಳೇದರ ಮೋಹ. ಮಂಡಿ ಹೋದ್ರೂ ಸರಿ, ಹಳೇ ಸಾಮಾನು ಬೇಕು. ನಮ್ ಗ್ರೂಪಲ್ಲಿ ನಿನ್ ತರದೋರೇ ತುಂಬಿದ್ದಾರೆ."

ಮೋಹ! ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮನೆಯಲ್ಲಿ ಮಿಕ್ಸಿ ಇದೆ, ವಾಷಿಂಗ್ ಮೆಷಿನ್ ಇದೆ, ಕಾರ್ಖಾನೆಯಲ್ಲಿ ಕಂಪ್ಯೂಟರಿಗೆ ಜೋಡಿಸಿದ ಅಳತೆಯ ಯಂತ್ರವನ್ನು ಮೊದಲು ಕಲಿತವಳು ನಾನು. ಒರಳುಕಲ್ಲಿಗಾಗಿ ಅತ್ತವಳಲ್ಲ. ಕಾಲು ಹೇಳಲಾರದ್ದನ್ನು ನನ್ನ ಕಣ್ಣಿಗೆ ಹೇಳುವ ಒಂದು ಮುಳ್ಳು ಇತ್ತು, ಅದನ್ನು ಕಿತ್ತು ಅದೇ ಕೆಟ್ಟ ಕಾಲಿನಿಂದ ತಿಳಿದುಕೋ ಎನ್ನುತ್ತಿದ್ದಾನೆ. ಇದನ್ನು ಅವನಿಗೆ ಹೇಳಿದೆ, ಇಷ್ಟು ಅಚ್ಚುಕಟ್ಟಾಗಿ ಅಲ್ಲ, ಕೂಗಾಡಿ ಹೇಳಿದೆ. ಅವನು ಅರ್ಧ ಕೇಳಿ ಡಬ್ಬ ಬಿಚ್ಚಿ, ಪಾಯಿಂಟ್ ವಾಪಸ್ ಹಾಕಿಕೊಟ್ಟು, ಊಟ ಮಾಡದೆ ಹೊರಟುಹೋದ. ಡಬ್ಬ ಬಿಟ್ಟುಹೋದ. ಒಳ್ಳೆಯ ಹುಡುಗ, ಆದರೆ ಎರಡು ಒಳ್ಳೆಯ ಕಾಲುಗಳಿರುವ ಹುಡುಗ.

ನನ್ನವರು ಗಾಡಿಯ ಆರ್‌ಸಿ ಬುಕ್ಕನ್ನು ಬೀರುವಿನಿಂದ ತೆಗೆದು ಟೀವಿಯ ಪಕ್ಕ ಇಟ್ಟರು. ಅದನ್ನು ನಾನು ಎತ್ತಿ ಮತ್ತೆ ಬೀರುವಿಗೆ ಇಟ್ಟೆ. ಒಂದು ವಾರ ಆ ಪುಸ್ತಕ ಹೀಗೆ ಓಡಾಡಿತು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಸಂದು ಹದಿನೈದೇ ಇತ್ತು, ನಾನೇ ಅಳೆದಿದ್ದೆ. ಹಾಗಾದರೆ ಕಿಡಿ ಬೇಗ ಹಾರಿದ್ದು ಯಾಕೆ? ಗಾಡಿಯನ್ನು ಲಗೇಜ್ ಆಟೋಗೆ ಏರಿಸಿ ಮಾಕಳಿಗೆ ಹೋದೆ. ಮೆಕ್ಯಾನಿಕ್ ಅಣ್ಣನಿಗೆ ಈಗ ತಲೆಯೆಲ್ಲ ನೆರೆತಿದೆ, ದಪ್ಪ ಕನ್ನಡಕ. ಮುಚ್ಚಳ ತೆಗೆದು ಪಾಯಿಂಟನ್ನು ಬಿಚ್ಚಿ, ಬೆಳಕಿಗೆ ಹಿಡಿದು, ನನ್ನ ಕೈಗೆ ಕೊಟ್ಟರು.

"ಏನ್ ಕಾಣ್ತೈತೆ ಏಳು."

ಒಂದು ಬೊಟ್ಟಿನಲ್ಲಿ ಸಣ್ಣ ಗುಂಡಿ. ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಸಣ್ಣ ದಿಬ್ಬ. ಕಿಡಿ ಹಾರಿ ಹಾರಿ ಒಂದರ ಲೋಹ ಇನ್ನೊಂದಕ್ಕೆ ಹೋಗಿ ಕೂತಿತ್ತು.

"ಗೇಜಿನ್ ಎಲೆ ಆ ದಿಬ್ಬದ್ ಮೇಲೆ ಕೂತ್ಕಂತದೆ. ಗುಂಡಿ ಒಳೀಕ್ ಓಗಾಕಿಲ್ಲ. ಎಲೆ ಅದಿನೈದು ಅಂದ್ರೆ ನಿಜ್ವಾದ್ ಸಂದು ಇಪ್ಪತ್ತಿರ್ತದೆ. ಸಂದು ಜಾಸ್ತಿ ಆದ್ರೆ ಬೇಗ ತೆರ್ಕಂತದೆ, ಬೇಗ ಕಿಡಿ, ಬ್ಯಾಕ್ ಒದೆ. ಉಜ್ಜಿ ಸಮ ಮಾಡ್ದೆ ಯಾಕಮ್ಮ ಅಳೆಯಾಕ್ ಓದೆ?"

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಉಬ್ಬು ತಗ್ಗು ಇರುವ ಮೈಯನ್ನು ಹಾಗೇ ಅಳೆದರೆ ಸುಳ್ಳು ಅಳತೆ ಬರುತ್ತದೆ ಎಂದು ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ನಾನೇ ಪಾಠ ಹೇಳುತ್ತೇನೆ. ನನ್ನ ಗಾಡಿಯ ಮುಂದೆ ಕೂತಾಗ ಅದು ನೆನಪಾಗಲಿಲ್ಲ. ನೆನಪಾಗಲಿಲ್ಲ ಎನ್ನುವುದಕ್ಕಿಂತ, ಪಾಸ್ ಮಾಡಲು ಆತುರವಿತ್ತು ಎನ್ನುವುದೇ ನಿಜ. ಗೇಜ್ ಹೇಳಿದ್ದು ನನಗೆ ಬೇಕಾದ ಉತ್ತರವಾಗಿತ್ತು. ಬೇರೆಯವರ ಶಾಫ್ಟ್ ಆಗಿದ್ದರೆ ಕಣ್ಣಿಗೆ ಲೆನ್ಸ್ ಹಾಕಿಕೊಂಡು ನೋಡುತ್ತಿದ್ದೆ.

"ತಮ್ಮ ಹೇಳ್ದಂಗೆ ಎಲೆಕ್ಟ್ರಾನಿಕ್ ಹಾಕ್ಕೊಳ್ಳಲಾ ಅಣ್ಣ?" ಎಂದು ಕೇಳಿದೆ. ಬೇಡ ಎನ್ನುತ್ತಾರೆಂದು ಗೊತ್ತಿದ್ದೇ ಕೇಳಿದ್ದು. ಅವರ ಬಾಯಲ್ಲಿ ಬಂದರೆ ನನಗೆ ಬಲ ಎಂದುಕೊಂಡಿದ್ದೆ.

"ಆಕ್ಕಳಮ್ಮ, ಅದ್ರಲ್ಲೇನೈತೆ. ನನ್ ಮಗನ್ ಗಾಡೀಗೆ ನಾನೇ ಆಕ್ಕೊಟ್ಟೀನಿ."

ನಾನು ಬಾಯಿ ತೆರೆದುಕೊಂಡು ನೋಡಿದೆ.

"ಪಾಯಿಂಟೂ ಕೈ ಕೊಡ್ತದೆ, ಅದೂ ಕೈ ಕೊಡ್ತದೆ. ಯಾವ್ದು ಬೇಕು ಅಂತ ನನ್ನ ಕೇಳ್ಬ್ಯಾಡ, ನಿನ್ ತಮ್ಮನ್ನೂ ಕೇಳ್ಬ್ಯಾಡ. ಒದೆಯೋ ಕಾಲು ಯಾರ್ದು?"

ಗುಂಪಿನವರ ಯಾವ ವಾದವೂ ಈ ಒಂದು ಮಾತಿನಷ್ಟು ನನಗೆ ಹಿಡಿಸಲಿಲ್ಲ. ಅಲ್ಲೇ ನಿಂತು ತೀರ್ಮಾನ ಮಾಡಿದೆ: ಪಾಯಿಂಟೇ. ಯಾರ ಸಂಪ್ರದಾಯಕ್ಕೂ ಅಲ್ಲ, ಯಾರ ಗುಂಪಿಗೂ ಅಲ್ಲ, ನನ್ನ ಕಣ್ಣು ಇನ್ನೂ ಚೆನ್ನಾಗಿದೆ, ನನ್ನ ಮಂಡಿ ಚೆನ್ನಾಗಿಲ್ಲ, ಅಷ್ಟಕ್ಕೆ.

ಅಣ್ಣ ಹೊಸ ಪಾಯಿಂಟ್ ಸೆಟ್ ತೆಗೆದುಕೊಟ್ಟರು, ಆದರೆ ಸ್ಪ್ಯಾನರ್ ನನ್ನ ಕೈಗೇ ಕೊಟ್ಟರು. ಪ್ಲಗ್ಗಿನ ತೂತಿಗೆ ಸೈಕಲ್ ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿದೆ ಎಂದು ಗುರುತು ಹಾಕಿಸಿದರು. ಪಾಯಿಂಟಿಗೆ ಒಂದು ಪುಟ್ಟ ಬಲ್ಬ್ ಜೋಡಿಸಿದರು; ಬೊಟ್ಟುಗಳು ಬೇರೆಯಾದ ಗಳಿಗೆಗೆ ಅದು ಹತ್ತಿಕೊಳ್ಳುತ್ತದೆ. "ಸಂದು ಎಷ್ಟೈತೆ ಅನ್ನೋದು ಬಿಡು, ಯಾವಾಗ್ ತೆರ್ಕಂತದೆ ಅದ್ನ ನೋಡು," ಎಂದರು. ಕಡ್ಡಿಯ ಗುರುತಿಗೂ ಬಲ್ಬಿಗೂ ತಾಳೆಯಾಗುವ ತನಕ ಮೂರು ಸಲ ಸಡಿಲಿಸಿ ಬಿಗಿದೆ. ಮಧ್ಯಾಹ್ನ ಆಯಿತು. ಮುಳ್ಳು ನಡುವಿಗೆ ತಂದು ಹೊಡೆದೆ, ಒಂದೇ ಕಿಕ್ಕಿಗೆ ಎದ್ದಿತು. ಮನೆಗೆ ಓಡಿಸಿಕೊಂಡೇ ಹೋದೆ. ದಾಸನಪುರದ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಾಗಲೂ ನನಗೆ ಹಾಡಬೇಕೆನಿಸಿತ್ತು.

ತಮ್ಮನಿಗೆ ಫೋನ್ ಮಾಡಿ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ, ಡಬ್ಬ ವಾಪಸ್ ಕೊಡುವುದಿಲ್ಲ ಎಂದೂ ಹೇಳಿದೆ. "ಕಣ್ಣು ಮಂಜಾದ ದಿನ ಹಾಕ್ಕೊಳ್ತೀನಿ ಕಣೋ. ಆವಾಗ್ಲೂ ನಾನೇ ಹೇಳ್ತೀನಿ, ನೀನ್ ಬಂದ್ ಹಾಕ್ಕೊಡು." ಅವನು ನಕ್ಕ. ಗುಂಪಿನಲ್ಲಿ ಆಂಪ್ ಮೀಟರಿನ ವಿಷಯ ಹಾಕಿದನಂತೆ, ಅದರ ಮೇಲೂ ಎರಡು ಪಕ್ಷವಾಯಿತಂತೆ.

ನಾಲ್ಕು ತಿಂಗಳು ಗಾಡಿ ದಿನಾ ಒಂದೇ ಕಿಕ್ಕಿಗೆ ಎದ್ದಿತು. ಎದ್ದಿತು ಎಂದು ಎಷ್ಟು ಸಲೀಸಾಗಿ ಬರೆಯುತ್ತಿದ್ದೇನೆ! ಆ ನಾಲ್ಕು ತಿಂಗಳು ಪ್ರತಿ ಬೆಳಿಗ್ಗೆ ಪಾರ್ಕಿಂಗಿಗೆ ಇಳಿಯುವುದೆಂದರೆ ಪರೀಕ್ಷೆಗೆ ಹೋದ ಹಾಗೆ. ಇಪ್ಪತ್ತೆರಡು ವರ್ಷ ಯಾವ ಯೋಚನೆಯಿಲ್ಲದೆ ಹತ್ತಿ ಹೊರಟ ಗಾಡಿಯ ಮುಂದೆ ಈಗ ಮುಳ್ಳನ್ನು ಎರಡೆರಡು ಸಲ ನೋಡಿಕೊಂಡು ನಿಲ್ಲುತ್ತಿದ್ದೆ. ಮಂಡಿ ದಿನೇ ದಿನೇ ಗಟ್ಟಿಯಾಗುತ್ತಿತ್ತು, ಡಾಕ್ಟರೂ ಒಪ್ಪಿದರು. ಆದರೆ ಷರತ್ತು ಮಾತ್ರ ಇದ್ದಲ್ಲೇ ಇತ್ತು. ನನ್ನವರು ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತು ಕೆಳಗಿನ ಸದ್ದಿಗೆ ಕಿವಿಗೊಡುತ್ತಾರೆಂದು ನನಗೆ ಗೊತ್ತಿತ್ತು. ಅವರು ಎಣಿಸುವುದು ಬೇಡ, ನಾನೇ ಎಣಿಸುತ್ತಿದ್ದೆ.

ಒಂದು ಸೋಮವಾರ ಇಬ್ಬರೂ ಒಟ್ಟಿಗೆ ಇಳಿದೆವು. ಅವರ ಸ್ಕೂಟರ್ ನನ್ನ ಗಾಡಿಯ ಮುಂದೆ ಅಡ್ಡ ನಿಂತಿತ್ತು. ಅವರು ಸೆಲ್ಫ್ ಒತ್ತಿದರು, ಕುಯ್ಯೆಂದು ಸುಮ್ಮನಾಯಿತು. ಮತ್ತೆ ಒತ್ತಿದರು. ಮೂರನೇ ಸಲ ಒತ್ತಿದಾಗ ಎದ್ದಿತು. ಅವರು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು, ಏನೂ ಆಗದವರ ಹಾಗೆ.

ನಾನು ಮುಳ್ಳು ನಡುವಿಗೆ ತಂದೆ, ದಾಟಿಸಿದೆ, ಹೊಡೆದೆ. ಪುಸ್ಸೆಂದಿತು. ಎದ್ದೇಳಲಿಲ್ಲ. ಯಾಕೆಂದು ಈಗಲೂ ಗೊತ್ತಿಲ್ಲ. ಚಳಿಯಿರಬಹುದು, ಏನೂ ಇಲ್ಲದೆಯೂ ಇರಬಹುದು. ಗಾಡಿಗಳು ಕೆಲವು ದಿನ ಹಾಗೆ.

ಅವರು ಸ್ಕೂಟರ್ ಆಫ್ ಮಾಡಿದರು. "ಬೇಡ, ಇಳಿ. ಆಟೋದಲ್ಲಿ ಹೋಗು," ಎಂದರು. ದನಿ ಮೆತ್ತಗಿತ್ತು. ಕೈ ಚಾಚಿದ್ದರು, ಕೀಗಾಗಿ.

ನಾನು ಅವರ ಸ್ಕೂಟರ್ ನೋಡಿದೆ. ಮೂರು ಸಲ ಒತ್ತಿದರು, ಯಾರೂ ಅದನ್ನು ಮಾರು ಎನ್ನಲಿಲ್ಲ. ನಾಲ್ಕು ತಿಂಗಳ ಬೆಳಗುಗಳೆಲ್ಲ ಒಟ್ಟಿಗೆ ನೆನಪಾದವು. ಸಂದು ತಪ್ಪು ಅಳೆದದ್ದು ನನ್ನ ಸಣ್ಣ ತಪ್ಪು. ದೊಡ್ಡ ತಪ್ಪು ಮಂಡಕ್ಕಿಯ ತಟ್ಟೆಯ ಮುಂದೆ ಒಪ್ಪಿದೆ ಎಂದದ್ದು.

ಕಿಕ್ಕರ್ ಮೇಲೆ ಮತ್ತೆ ಕಾಲಿಟ್ಟೆ.

"ಮಾತು ಕೊಟ್ಟಿದ್ದೆ ನೀನು," ಎಂದರು.

"ಕೊಟ್ಟಿದ್ದೆ. ವಾಪಸ್ ತಗೊಂಡೆ."

"ಮಂಡಿ ಹೋದ್ರೆ?"

"ಹೋದ್ರೆ ನಂದು ರೀ ಹೋಗೋದು. ನಿಮಗೆ ಹೆದರಿಕೆ ಅಂತ ನಂಗೊತ್ತು. ನಂಗೂ ಹೆದರಿಕೆನೇ. ಗಾಡಿ ಬಿಡೋ ದಿನ ಬಂದ್ರೆ ನಾನೇ ಬಂದು ನಿಮ್ ಕೈಗೆ ಕೀ ಕೊಡ್ತೀನಿ. ಅಲ್ಲೀ ತನಕ ಕೈ ಚಾಚ್ಬೇಡಿ."

ಅವರು ಕೈ ಇಳಿಸಿದರು. ನಾನು ಮುಳ್ಳು ನೋಡಿ, ದಾಟಿಸಿ, ಎರಡನೇ ಕಿಕ್ ಹೊಡೆದೆ. ಅದಕ್ಕೂ ಎದ್ದೇಳಲಿಲ್ಲ. ಅವರ ಕಡೆ ನೋಡಲಿಲ್ಲ. ಮೂರನೆಯದಕ್ಕೆ ಎದ್ದಿತು. ಪಾರ್ಕಿಂಗಿನ ಛಾವಣಿ ನಡುಗುವಷ್ಟು ಸದ್ದು ಮಾಡಿತು.

ಮಂಡಿ ನೋಯುತ್ತಿತ್ತು, ಮುಚ್ಚಿಡಲಿಲ್ಲ, ಒಮ್ಮೆ ಉಜ್ಜಿಕೊಂಡೆ. ನನ್ನವರು ಅಡ್ಡವಿದ್ದ ಸ್ಕೂಟರನ್ನು ಎರಡೂ ಕೈಯಲ್ಲಿ ಹಿಂದಕ್ಕೆ ತಳ್ಳಿ ದಾರಿ ಬಿಟ್ಟರು.